ನನ್ನ ಪರ್ಸು, ಆಕೆಯ ಗಂಟು

ವರ್ಷದ ಖಾರದ ಪುಡಿಗೆ ನನ್ನ ಹಾಗೆ ನೀವೂ ಬ್ಯಾಡಗಿಗೆ ಹೋಗುವವರೇ ಇರಬಹುದು. ಬಣ್ಣಕ್ಕೆಂದು ಡಬ್ಬಿ, ಜೊತೆಗೆ ಒಂದಿಷ್ಟು ಕಡ್ಡಿ ಕೊಂಡು ರಾಣೆಬೆನ್ನೂರಿಗೆ ಮರಳುತ್ತಿದ್ದೆ. ಬಸ್ ನಿಲ್ದಾಣವೊಂದರಲ್ಲಿ, ಯಾವುದೆಂದು ಬರೆಯಲಾರೆ, ಕೈಹಾಕಿ ನೋಡಿದರೆ ಪರ್ಸಿಲ್ಲ. ಎದೆ ಧಸಕ್ಕೆಂದಿತು. "ಅಯ್ಯೋ, ನನ್ನ ಪರ್ಸು!" ಎಂದು ಕೂಗಿಬಿಟ್ಟೆ.

ಪೊಲೀಸರಿಬ್ಬರು ಬಂದರು. ಅಲ್ಲಿ ಐವತ್ತು ಜನರಾದರೂ ಇದ್ದೆವು. ಅವರು ನೆಟ್ಟಗೆ ಹೋದದ್ದು ಪಿನ್ನು, ಬಾಚಣಿಕೆ ಮಾರುತ್ತಿದ್ದ ಅಲೆಮಾರಿ ಹೆಂಗಸಿನ ಹತ್ತಿರ. ಗಂಟು ಬಿಚ್ಚಿ ನೆಲಕ್ಕೆ ಸುರಿದರು. ಕೂಸನ್ನು ಕೆಳಗಿಳಿಸಿ ಸೆರಗು ಕೊಡವು ಎಂದರು. ಇಬ್ಬರೂ ಗಂಡಸರು! "ನಾ ತಗೊಂಡಿಲ್ರಿ ಸಾಹೇಬ್ರ" ಎಂದಳು ಆಕೆ. ಅಳಲಿಲ್ಲ, ಜಗಳಾಡಲಿಲ್ಲ, ರೂಢಿಯಾದವರ ಹಾಗೆ ಹೇಳಿದಳು. ಆ ರೂಢಿಯೇ ನನ್ನನ್ನು ಈಗಲೂ ಚುಚ್ಚುತ್ತದೆ.

ಪರ್ಸು ನನ್ನ ಚೀಲದಲ್ಲೇ, ಮೆಣಸಿನಕಾಯಿಯ ಅಡಿಯಲ್ಲೇ ಇತ್ತು. "ಜ್ವಾಕಿ ಇರ್ರಿ ಅಕ್ಕಾರ" ಎಂದು ನಕ್ಕು ಅವರು ಹೋದರು. ಮೊದಲು ನನ್ನ ಚೀಲ ನೋಡೋಣ ಎಂದು ಯಾರಿಗೂ ಅನ್ನಿಸಲಿಲ್ಲ. ಇಳಕಲ್ ಸೀರೆಯೇ ನನಗೆ ಜಾಮೀನು.

ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ, ಮಾನಕ್ಕೆ ಕುಂದಾಗದಂತೆ ಮಾಡಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ಮಾತಿತ್ತು, 1 ಜುಲೈ 2024ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಆದರೆ ಹುಟ್ಟಿನಿಂದಲೇ ಕಳ್ಳರೆಂದು ಜನರನ್ನು ಪಟ್ಟಿಮಾಡಿದ 1871ರ ಬ್ರಿಟಿಷ್ ಕಾಯ್ದೆ 1952ರಲ್ಲಿ ರದ್ದಾದರೂ ನಮ್ಮ ತಲೆಯಿಂದ ಹೋಗಿಲ್ಲ ನೋಡಿ. ಹುಬ್ಬಳ್ಳಿಯಲ್ಲಿ ಅಂಥವರನ್ನು ಹಾಜರಿ ಹಾಕಿ ಇಟ್ಟ ಜಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಊಟ ಮಾಡದಿದ್ದರೆ "ಅಲ್ಲಿಯವರು ಹೊತ್ತೊಯ್ತಾರ" ಎಂದು ನಮ್ಮಜ್ಜಿ ಹೆದರಿಸುತ್ತಿದ್ದಳು. ನಾನೂ ನನ್ನ ಮಗನಿಗೆ ಹಾಗೆಯೇ ಹೆದರಿಸಿದ್ದುಂಟು. ಇಂಥ ಸಮುದಾಯದವರನ್ನು ಪೊಲೀಸರು ಮನಬಂದಂತೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟು 3 ಅಕ್ಟೋಬರ್ 2024ರಂದು ಮತ್ತೆ ಹೇಳಬೇಕಾಯಿತು.

11 ಮಾರ್ಚ್ 2024ರಂದು ಮೆಣಸಿನಕಾಯಿ ದರ ಬಿದ್ದಿತೆಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರಲ್ಲ, ಆಮೇಲೆ ಬಹಳ ಜನರನ್ನು ಹಿಡಿದರು. ಆಗ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಮಾತು: "ಪುರಾವೆ ನೋಡದ ಹಂಗೆಲ್ಲ ಹಿಡೀಬಾರದು." ನಾನೂ ಅಂದಿದ್ದೆ. ರೈತರ ಮಕ್ಕಳೆಂದರೆ ನಮ್ಮವರಲ್ಲವೆ?

ಆ ದಿನದ ಮಾತು ಮುಗಿಸಿಬಿಡುತ್ತೇನೆ. ಆಕೆ ಧೂಳಿನಲ್ಲಿ ಒಂದೊಂದೇ ಪಿನ್ನು ಆರಿಸುತ್ತಿದ್ದಳು. ನಾನೂ ಕೂತು ನಾಲ್ಕು ಆರಿಸಿಕೊಟ್ಟೆ. "ತಪ್ಪಾತವ್ವಾ" ಎನ್ನಲು ಬಾಯಿ ಬರಲಿಲ್ಲ. ಎರಡು ಪಾಕೀಟು ಪಿನ್ನು ಕೊಂಡು ನೂರರ ನೋಟು ಕೊಟ್ಟು, ಉಳಿದದ್ದು ಇರಲಿ ಎಂದೆ. ಆಕೆ ಚಿಲ್ಲರೆಯನ್ನು ಎರಡು ಸಲ ಎಣಿಸಿ ನನ್ನ ಕೈಗಿಟ್ಟು, ಕೂಸನ್ನು ಎತ್ತಿಕೊಂಡಳು.