ಡೇಲ್ ಪರವಾಗಿ

ಫ್ಲ್ಯಾಶ್ ಗಾರ್ಡನ್ ಕಾಮಿಕ್ಸ್ ಮರುಮುದ್ರಣ ಎಲ್ಲಿ ಕಂಡರೂ ನಾನು ಬಿಡುವುದಿಲ್ಲ. ಅಲೆಕ್ಸ್ ರೇಮಂಡ್ 1934ರಲ್ಲಿ ಅಮೆರಿಕದ ಪತ್ರಿಕೆಗಳಿಗೆಂದು ಚಿತ್ರಿಸತೊಡಗಿದ ಈ ಕಥೆ ನಮಗೆ ಸಿಕ್ಕಿದ್ದು ಇಂದ್ರಜಾಲ ಕಾಮಿಕ್ಸ್‌ನಲ್ಲಿ. 1964ರಲ್ಲಿ ಶುರುವಾದ ಅದು 1990ರಲ್ಲಿ ನಿಂತುಹೋಯಿತು. ಅರಸೀಕೆರೆ ಜಂಕ್ಷನ್ನಿನಲ್ಲಿ ಕೊಂಡ ಪ್ರತಿ ಬೇಲೂರಿನ ಗೆಳತಿಯ ಕೈಸೇರಿ, ಹಳೇಬೀಡಿನ ಅವಳ ಅತ್ತಿಗೆಯ ಮನೆ ಸುತ್ತಿ, ಹರಿದ ರಕ್ಷಾಪುಟದೊಂದಿಗೆ ಮರಳುತ್ತಿತ್ತು. ನನ್ನ ಮದುವೆಯಾದ ಮೇಲೆ ತವರಿನಲ್ಲಿ ಎಲ್ಲವನ್ನೂ ರದ್ದಿಗೆ ಹಾಕಿದರು. ಅಣ್ಣನ ಕ್ರಿಕೆಟ್ ಪತ್ರಿಕೆಗಳು ಮಾತ್ರ ಅಟ್ಟದ ಮೇಲೆ ಭದ್ರ!

ಹೊಸ ಪುಸ್ತಕ ಬೇಲೂರಿಗೆ ಒಯ್ದರೆ ಹಳೆಯ ಜಗಳವೇ. ಡೇಲ್ ಆರ್ಡೆನ್‌ಗೆ ಸೆರೆ ಸಿಕ್ಕುವುದೊಂದೇ ಕೆಲಸ ಎನ್ನುತ್ತಾಳೆ ಗೆಳತಿ. ಮೊದಲ ಕಂತಿನಲ್ಲೇ ರಾಕೆಟ್ಟಿನಲ್ಲಿ ಹೋದ ಮೂವರಲ್ಲಿ ಅವಳೊಬ್ಬಳು, ವಲೆಂಟೀನಾ ತೆರೆಷ್ಕೋವಾ ಬಾಹ್ಯಾಕಾಶಕ್ಕೆ ಹೋದದ್ದು 1963ರಲ್ಲಿ, ಎನ್ನುತ್ತೇನೆ ನಾನು.

"ಹತ್ತಲಿಲ್ಲ ಕಣೇ, ಆ ವಿಜ್ಞಾನಿ ಝಾರ್ಕಾವ್ ಪಿಸ್ತೂಲು ತೋರಿಸಿ ಹತ್ತಿಸಿದ."

"ಗಾರ್ಡನ್‌ನನ್ನೂ ಹಾಗೇ ಅಲ್ಲವೇನೇ ಹತ್ತಿಸಿದ್ದು?"