ಇನ್ನೆರಡೇ ವರ್ಷ, ತಳ್ಳಿಬಿಡಿ!

ನನಗೀಗ 56. ಖಾಸಗಿ ಕಂಪನಿಯೊಂದರ ಅಕೌಂಟ್ಸ್‌ನಲ್ಲಿ 25 ವರ್ಷ ಕಳೆದಿದ್ದೇನೆ. ಈಗೀಗ ಭಾನುವಾರ ಸಂಜೆಯಾದ್ರೆ ಸಾಕು, ನಾಳೆ ಆಫೀಸು ಅಂತ ಹೊಟ್ಟೆಯಲ್ಲಿ ಸಂಕಟ.

"ಇನ್ನೆರಡೇ ವರ್ಷ, ತಳ್ಳಿಬಿಡಿ. ಪೆನ್ಷನ್ ಕಮ್ಮಿಯಾಗುತ್ತೆ" ಅಂತಾರೆ ಎಲ್ಲರೂ. ಲೆಕ್ಕ ಹಾಕಿದೆ. ನನ್ನ ಇಪಿಎಸ್ ಪೆನ್ಷನ್ನಿಗೆ 15,000 ರೂಪಾಯಿ ಸಂಬಳದ ಮಿತಿ. ಅದನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಈಗ ಬಿಟ್ಟು, 58 ತುಂಬಿದ ಮೇಲೆ ಪಡೆದರೆ ತಿಂಗಳಿಗೆ ಖೋತಾ ಸುಮಾರು 430 ರೂಪಾಯಿ, ಅಷ್ಟೇ! ಸಂಬಳ ನಿಲ್ಲುತ್ತೆ ನಿಜ, ಆದರೆ ಮನೆ ಸಾಲ ತೀರಿದೆ.

ನಿಜವಾಗಿ ಕಟ್ಟಿಹಾಕಿದ್ದು ಆಫೀಸಿನ ಆರೋಗ್ಯ ವಿಮೆ. ಹೆಂಡತಿಗೆ ಶುಗರ್ ಇದೆ. ಹೊಸ ಪಾಲಿಸಿಯಲ್ಲಿ ಅದಕ್ಕೆ 3 ವರ್ಷದವರೆಗೆ ಕಾಯಬೇಕಾಗಬಹುದು. ಅದಕ್ಕೇ ಈಗಿನ ವಿಮಾ ಕಂಪನಿಯಲ್ಲೇ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಿದ್ದೇನೆ. ಅದು ಕೈಸೇರಿದ ಮರುದಿನವೇ ರಾಜೀನಾಮೆ.

ನೀವಿನ್ನೂ ಮೂವತ್ತರಲ್ಲಿದ್ದೀರಾ? ಸ್ವಂತ ವಿಮೆ ಈಗಲೇ ಮಾಡಿಸಿಡಿ. ಬೇಡದ ಕೆಲಸ ಬಿಡೋ ಧೈರ್ಯ ಅದರಿಂದಲೂ ಬರುತ್ತೆ.