ಒಡಂಬಡಿಕೆಯ ಫೋಟೊ ಮತ್ತು ನಂದಿದುರ್ಗದ ಬಿ.ಕಾಂ. ಮಕ್ಕಳು

ವಾಟ್ಸಾಪ್‌ನಲ್ಲಿ ಅಂಥದ್ದೊಂದು ಫೋಟೊ ನಿಮಗೂ ಬಂದಿರುತ್ತದೆ. ಉದ್ದನೆಯ ಮೇಜು, ಅದರ ಮೇಲೆ ಎರಡು ಪುಟ್ಟ ಬಾವುಟ, ಹಿಂದೆ ಕೋಟು ತೊಟ್ಟು ಫೈಲು ಹಿಡಿದು ನಿಂತವರು. ಕೆಳಗೆ ಒಂದು ಸಾಲು: ಇಂಥ ಕಾಲೇಜು ಇಂಥ ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಡಂಬಡಿಕೆಗೆ ಸಹಿ ಹಾಕಿದೆ, ಇನ್ನು ಮುಂದೆ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಹೊರದೇಶದಲ್ಲಿ ಕಲಿಯುವ ಅವಕಾಶ.

ಕೆಜಿಎಫ್ ಮತ್ತು ಬಂಗಾರಪೇಟೆ ಕಡೆ ಇಂಥ ಫೋಟೊ ಬಂದ ದಿನ ಮನೆಗಳಲ್ಲಿ ಒಂದು ಸಣ್ಣ ಸಂಚಲನ ಆಗುತ್ತದೆ. ಬಿ.ಕಾಂ., ಬಿಬಿಎ ಓದುವ ಮಕ್ಕಳು ಇಲ್ಲದ ಬೀದಿಯೇ ನಮ್ಮಲ್ಲಿಲ್ಲ. ‘ನಮ್ಮ ಹುಡುಗಿಗೂ ಸಿಗುತ್ತಾ?’ ಎಂದು ಅಮ್ಮಂದಿರು ನಮ್ಮನ್ನು ಕೇಳುತ್ತಾರೆ. ಪತ್ರಿಕೋದ್ಯಮ ಓದಿದವರಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. ಅದಕ್ಕೇ ನಾವು ಕೂತು ಓದಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ನಂದಿದುರ್ಗ ಎಂದರೆ ಹೊರಗಿನವರಿಗೆ ಚಿಕ್ಕಬಳ್ಳಾಪುರದ ನಂದಿಬೆಟ್ಟ. ನಮಗೆ ಅದು ಒಂದು ಗಣಿಯ ಹೆಸರು, ಆ ಗಣಿಯ ಸುತ್ತ ಕಟ್ಟಿದ ಲೈನು ಮನೆಗಳ ಹೆಸರು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ: ಅಜ್ಜಂದಿರು ಹಾಜರಿ ಹಾಕಿದ ಹೆಸರುಗಳು ಇವು.

ವಿದೇಶ ನಮಗೆ ಹೊಸದಲ್ಲ

ಅಂತರರಾಷ್ಟ್ರೀಯ ವ್ಯವಹಾರ ಎಂಬ ವಿಷಯವನ್ನು ಇಂದು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುತ್ತಾರೆ. ನಮ್ಮ ಊರು ಹುಟ್ಟಿದ್ದೇ ಅದರಿಂದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. ಷೇರುದಾರರು ಲಂಡನ್ನಿನಲ್ಲಿ, ಮೇಸ್ತ್ರಿಗಳು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ, ಕೂಲಿಗಳು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ, ರಾಯಧನ ಮೈಸೂರು ಅರಮನೆಗೆ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂದಾಗ ಅದರ ಹಿಂದೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳಿದ್ದವು. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ, ನಮಗಿಂತ ಮೂರು ವರ್ಷ ತಡವಾಗಿ.

ಆ ಪಾಲುದಾರಿಕೆಯಿಂದ ಯಾರಿಗೆ ಏನು ಸಿಕ್ಕಿತು? 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೆ ಲಾಭದ ದೊಡ್ಡ ಪಾಲು ಹಡಗು ಹತ್ತಿತು. ಊರಿಗೆ ಉಳಿದದ್ದು ಸೈನೈಡ್ ದಿಬ್ಬ ಮತ್ತು ಎದೆಯೊಳಗಿನ ಕಲ್ಲುಧೂಳು. 2001ರ ಫೆಬ್ರುವರಿ 28ಕ್ಕೆ ಗಣಿಗಳು ಮುಚ್ಚಿದವು. ಅಂದಿನಿಂದ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಮುಂಜಾನೆಯ ರೈಲೇ ನಮ್ಮ ಊರಿನ ಶಾಫ್ಟು.

ಆದರೆ ಇದೇ ಊರಿನಲ್ಲಿ ಇನ್ನೊಂದು ತರಹದ ಪಾಲುದಾರಿಕೆಯೂ ನಡೆದಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಕೆಳಗೆ, ಪ್ರಯೋಗ ಇಟ್ಟವು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣದ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಜಪಾನಿನವರು, ಇಂಗ್ಲೆಂಡಿನವರು ನಮ್ಮಲ್ಲಿಗೆ ಬಂದದ್ದು ದಯೆಯಿಂದ ಅಲ್ಲ. ಅಷ್ಟು ಆಳ ಅವರ ಊರಿನಲ್ಲಿ ಇರಲಿಲ್ಲ. ನಮ್ಮಲ್ಲಿದ್ದುದು ಅವರಿಗೆ ಬೇಕಿತ್ತು, ಅವರಲ್ಲಿದ್ದುದು ನಮ್ಮವರಿಗೆ ಬೇಕಿತ್ತು. ಪ್ರಕಟವಾದ ಬರಹದಲ್ಲಿ ಮೂರೂ ಕಡೆಯವರ ಹೆಸರು ಒಟ್ಟಿಗೇ ಇತ್ತು.

ಯಾವುದೇ ಒಡಂಬಡಿಕೆಯ ಫೋಟೊ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಇದೇ. ಇದು ಜಾನ್ ಟೇಲರ್ ಜಾತಿಯದೋ, ನ್ಯೂಟ್ರಿನೊ ಜಾತಿಯದೋ?

ಒಡಂಬಡಿಕೆ ಎಂದರೆ ಏನು, ಏನಲ್ಲ

ಒಡಂಬಡಿಕೆ ಎಂದರೆ ‘ಮುಂದೆ ಜೊತೆಯಾಗಿ ಏನಾದರೂ ಮಾಡೋಣ’ ಎಂಬ ಮಾತಿನ ಕಾಗದ. ಬಹಳ ಸಲ ಅದರಲ್ಲಿ ಹಣದ ಮಾತು ಇರುವುದಿಲ್ಲ, ಎಷ್ಟು ವಿದ್ಯಾರ್ಥಿಗಳು ಹೋಗುತ್ತಾರೆ ಎಂಬ ಸಂಖ್ಯೆಯೂ ಇರುವುದಿಲ್ಲ. ಮದುವೆಗೆ ಮುಂಚಿನ ವೀಳ್ಯಶಾಸ್ತ್ರದ ಹಾಗೆ. ವೀಳ್ಯ ಆಯಿತೆಂದು ಊಟ ಬಡಿಸುವುದಿಲ್ಲವಲ್ಲ.

ನಿಜವಾದ ಜಂಟಿ ಓದಿಗೆ ಯುಜಿಸಿ 2022ರ ಮೇ ತಿಂಗಳಲ್ಲಿ ನಿಯಮ ಮಾಡಿದೆ. ಅದರಲ್ಲಿ ಮೂರು ಬಗೆ. ಮೊದಲನೆಯದು ಟ್ವಿನಿಂಗ್: ಪದವಿ ಕೊಡುವುದು ನಮ್ಮ ವಿಶ್ವವಿದ್ಯಾಲಯವೇ, ಶೇ. 30ರವರೆಗಿನ ಕ್ರೆಡಿಟ್ ಹೊರದೇಶದಲ್ಲಿ ಓದಬಹುದು. ಎರಡನೆಯದು ಜಂಟಿ ಪದವಿ: ಒಂದೇ ಸರ್ಟಿಫಿಕೇಟು, ಎರಡೂ ಸಂಸ್ಥೆಗಳ ಮುದ್ರೆ. ಮೂರನೆಯದು ದ್ವಿಪದವಿ: ಎರಡೂ ಕಡೆಯವರು ಬೇರೆ ಬೇರೆ ಪದವಿ ಕೊಡುತ್ತಾರೆ. ಎಲ್ಲಾ ಕಾಲೇಜುಗಳೂ ಇದನ್ನು ಸುಮ್ಮನೆ ಶುರು ಮಾಡುವಂತಿಲ್ಲ. ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಅಥವಾ ಎನ್‌ಐಆರ್‌ಎಫ್ ಪಟ್ಟಿಯ ಮೊದಲ 100ರಲ್ಲಿ ಸ್ಥಾನ ಬೇಕು. ಎದುರಿನ ಸಂಸ್ಥೆ ವಿಶ್ವದ ಮೊದಲ 1000ದ ಪಟ್ಟಿಯಲ್ಲಿರಬೇಕು. ಆನ್‌ಲೈನ್ ಓದಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಆದ್ದರಿಂದ ಕಾಲೇಜಿನಲ್ಲಿ ಕೇಳಬೇಕಾದ್ದು ಇಷ್ಟೇ: ಇದು ಈ ಮೂರರಲ್ಲಿ ಯಾವುದು? ಹೋದ ವರ್ಷ ಎಷ್ಟು ಜನ ಹೋದರು? ಅಲ್ಲಿ ಓದಿದ ಕ್ರೆಡಿಟ್ ನಮ್ಮ ಮಾರ್ಕ್ಸ್‌ಕಾರ್ಡಿನಲ್ಲಿ ಬರುತ್ತದೆಯೇ? ಅಲ್ಲಿನ ಫೀ ಯಾರು ಕಟ್ಟುತ್ತಾರೆ? ಸರಿಯಾದ ವಿದ್ಯಾರ್ಥಿ ವಿನಿಮಯದಲ್ಲಿ ಸಾಮಾನ್ಯವಾಗಿ ಇಲ್ಲಿನ ಫೀ ಇಲ್ಲೇ ಕಟ್ಟಿದರೆ ಸಾಕು, ಅಲ್ಲಿ ಮತ್ತೆ ಫೀ ಇಲ್ಲ. ನಮ್ಮವರು ಅಲ್ಲಿಗೆ ಹೋದಂತೆ ಅವರ ಮಕ್ಕಳು ಇಲ್ಲಿಗೆ ಬರುತ್ತಾರೆ. ಬರುವವರೇ ಇಲ್ಲ, ಹೋಗುವವರು ಮಾತ್ರ ಎಂದರೆ ಅದು ವಿನಿಮಯ ಅಲ್ಲ, ಅಡ್ಮಿಶನ್.

ಒಂದು ಮನೆಯ ಲೆಕ್ಕ

ನಂದಿದುರ್ಗದ ಲೈನಿನಲ್ಲಿ ನಮಗೆ ಗೊತ್ತಿರುವ ಒಂದು ಮನೆ ಇದೆ. ಅಜ್ಜ ಗಣಿಯಲ್ಲಿದ್ದವರು. ಅಪ್ಪ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ದಿನಾ ರೈಲಿನಲ್ಲಿ ಹೋಗಿಬರುತ್ತಾರೆ. ಮಗಳು ಬಿ.ಕಾಂ. ಮುಗಿಸಿದಳು, ಒಳ್ಳೆಯ ಅಂಕ. ಬೆಂಗಳೂರಿನ ಒಂದು ಏಜೆನ್ಸಿಯವರು ಸೆಮಿನಾರು ಮಾಡಿದರು. ‘ನಮ್ಮ ಸಲಹೆಗೆ ಒಂದು ರೂಪಾಯಿಯೂ ಬೇಡ’ ಎಂದರು. ಎರಡು ವಾರದಲ್ಲಿ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ಆಫರ್ ಲೆಟರ್ ಬಂತು. ಹತ್ತು ದಿನದೊಳಗೆ ಡೆಪಾಸಿಟ್ ಕಟ್ಟಿ, ಇಲ್ಲದಿದ್ದರೆ ಸೀಟು ಹೋಗುತ್ತದೆ ಎಂದು ದಿನಕ್ಕೆರಡು ಸಲ ಫೋನು.

ಆ ಮನೆಯವರು ನಮ್ಮನ್ನು ಕರೆದರು. ಲೈನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಲೆಕ್ಕ ಬರೆದೆವು.

ವರ್ಷದ ಫೀ 15 ಸಾವಿರ ಪೌಂಡ್. ಪೌಂಡಿಗೆ 110 ರೂಪಾಯಿ ಎಂದು ಹಿಡಿದರೆ 16.5 ಲಕ್ಷ. ಲಂಡನ್ ಹೊರಗೆ ಓದುವವರು ಒಂಬತ್ತು ತಿಂಗಳ ಊಟ, ಬಾಡಿಗೆಗೆ ಹಣ ತೋರಿಸಬೇಕು. ನಾವು ಲೆಕ್ಕ ಹಾಕಿದಾಗ ಅದು ತಿಂಗಳಿಗೆ 1,136 ಪೌಂಡ್ ಇತ್ತು, ಅಂದರೆ ಸುಮಾರು 11.25 ಲಕ್ಷ. ಆ ಹಣ ಖಾತೆಯಲ್ಲಿ 28 ದಿನ ಅಲುಗಾಡದೆ ಇರಬೇಕು. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ಇಂಗ್ಲಿಷ್ ಪರೀಕ್ಷೆ, ವೀಸಾ, ವಿಮಾನ ಬೇರೆ. ಒಟ್ಟು 30 ಲಕ್ಷದ ಆಸುಪಾಸು.

ಬ್ಯಾಂಕಿಗೆ ಹೋದರು. ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ‘ಮನೆಯ ಪತ್ರ ತನ್ನಿ’ ಎಂದರು. ಮೂರು ತಲೆಮಾರು ಬಾಳಿದ ಮನೆ ಅದು, ಆದರೆ ಬ್ಯಾಂಕು ಒಪ್ಪುವಂಥ ಪತ್ರ ಅವರ ಕೈಯಲ್ಲಿಲ್ಲ. ಆ ಹೊತ್ತಿಗೆ ಏಜೆನ್ಸಿಯವರು ಇನ್ನೊಬ್ಬರ ನಂಬರು ಕೊಟ್ಟರು, ಹೆಚ್ಚು ಬಡ್ಡಿಗೆ ಅಡಮಾನ ಇಲ್ಲದ ಸಾಲ ಕೊಡುವವರದು. ಅಪ್ಪ ಅದಕ್ಕೂ ಸಿದ್ಧರಾಗಿದ್ದರು. ಅಜ್ಜ ಮಾತ್ರ ಒಂದೇ ಮಾತು ಕೇಳಿದರು: ‘ಕೆಳಗೆ ಇಳಿಯೋ ಮುಂಚೆ ಮೇಲೆ ಬರೋ ಹಗ್ಗ ಗಟ್ಟಿ ಇದೆಯಾ ನೋಡ್ಬೇಕು. ನೋಡಿದೀರಾ?’

ಹಗ್ಗ ಎಂದರೆ ಇಲ್ಲಿ ಓದಿನ ನಂತರದ ಕೆಲಸ. ಬ್ರಿಟನ್ನಿನಲ್ಲಿ ಓದು ಮುಗಿಸಿದವರು ಕೆಲಸ ಹುಡುಕಲು ಎರಡು ವರ್ಷ ಉಳಿಯಬಹುದಿತ್ತು. 2027ರ ಜನವರಿಯಿಂದ ಅರ್ಜಿ ಹಾಕುವ ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದನ್ನು 18 ತಿಂಗಳಿಗೆ ಇಳಿಸುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿದೆ. ಸೆಮಿನಾರಿನಲ್ಲಿ ಈ ಮಾತೇ ಬರಲಿಲ್ಲ. ಏಜೆನ್ಸಿಗಳ ಸಲಹೆ ಪುಕ್ಕಟೆ ಏಕೆ ಎಂಬ ಮಾತೂ ಬರಲಿಲ್ಲ. ವಿದ್ಯಾರ್ಥಿ ಸೇರಿದರೆ ವಿದೇಶಿ ಸಂಸ್ಥೆ ಏಜೆಂಟರಿಗೆ ಕಮಿಷನ್ ಕೊಡುತ್ತದೆ. ಅದು ಮೋಸವಲ್ಲ, ವ್ಯಾಪಾರ. ಆದರೆ ವ್ಯಾಪಾರಿಯ ಮಾತನ್ನು ಮೇಷ್ಟರ ಮಾತು ಎಂದು ನಂಬಬಾರದು.

ಆ ಹುಡುಗಿ ಡೆಪಾಸಿಟ್ ಕಟ್ಟಲಿಲ್ಲ. ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ. ಆಮೇಲೆ ತಾನೇ ಬಂದು ಕೇಳಿದಳು: ‘ಸಾಲ ಇಲ್ಲದೆ ಹೋಗೋ ದಾರಿ ಇದೆಯಾ?’

ಇದೆ, ಆದರೆ ನಿಧಾನದ ದಾರಿ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟು, ಭೂರಹಿತ ಕೃಷಿ ಕೂಲಿ ಹಾಗೂ ಕುಶಲಕರ್ಮಿ ಕುಟುಂಬದವರಿಗೆ ಇದು. ವರ್ಷಕ್ಕೆ 125 ಸ್ಥಾನ, ಅದರಲ್ಲಿ ಶೇ. 30 ಮಹಿಳೆಯರಿಗೆ. ಪದವಿಯಲ್ಲಿ ಶೇ. 60 ಅಂಕ, ವಯಸ್ಸು 35ರೊಳಗೆ, ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಸೇರುವ ವಿಶ್ವವಿದ್ಯಾಲಯ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರಬೇಕು. ಫೀ, ವಿಮಾನ, ಊಟ-ವಸತಿ ಎಲ್ಲವೂ ಅದರಲ್ಲೇ. ಆದರೆ ಇದು ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ. ಏಜೆನ್ಸಿಯವರು ಆ ಹುಡುಗಿಗೆ ಕೊಡಿಸಿದ್ದ ಸಂಸ್ಥೆ ಆ 500ರಲ್ಲಿ ಇರಲಿಲ್ಲ ಎಂಬುದು ಆಮೇಲೆ ನೋಡಿದಾಗ ತಿಳಿಯಿತು.

ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ವಿದೇಶಿ ಓದಿಗಾಗಿಯೇ ಇದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಮಕ್ಕಳು ತಮ್ಮ ಇಲಾಖೆ, ನಿಗಮಗಳ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಎಲ್ಲಾ ಸಮುದಾಯದವರಿಗೂ ತೆರೆದಿರುವ ಎರಡು ದಾರಿ: ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರಕ್ಕೆ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೊ, ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ಆ ಅನುಭವ ತಾನಾಗಿಯೇ ಕೂಡಿಬರುತ್ತದೆ.

ಪದವಿಯಲ್ಲಿ ಇರುವವರಿಗೆ? ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, 2017ರಲ್ಲಿ ಬೇರೆಯಾದದ್ದು. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಮತ್ತು ಬ್ರಿಟಿಷ್ ಕೌನ್ಸಿಲ್ ಸೇರಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ಸ್ವಲ್ಪ ದಿನಗಳ ಓದಿಗೆ ಬ್ರಿಟನ್ನಿಗೆ ಕಳಿಸಿದ ‘ಸ್ಕೌಟ್’ ಎಂಬ ಕಾರ್ಯಕ್ರಮ ಇದೆ. ಇಂಥ ಸುತ್ತೋಲೆಗಳು ನೋಟಿಸ್ ಬೋರ್ಡಿಗೆ ಬಂದು ಕೊನೇ ದಿನ ಮುಗಿದ ಮೇಲೆ ನಮ್ಮ ಮಕ್ಕಳ ಕಣ್ಣಿಗೆ ಬೀಳುತ್ತವೆ. ಪಾಸ್‌ಪೋರ್ಟ್ ಇಲ್ಲದವರು ಅಲ್ಲೇ ಹಿಂದೆ ಬೀಳುತ್ತಾರೆ. 1,500 ರೂಪಾಯಿ ಶುಲ್ಕದ ಆ ಪುಸ್ತಕವನ್ನು ಪದವಿಯ ಮೊದಲ ವರ್ಷದಲ್ಲೇ ಮಾಡಿಸಿಡಿ.

ಇನ್ನು ವಿದೇಶಿ ವಿಶ್ವವಿದ್ಯಾಲಯಗಳೇ ಇಲ್ಲಿಗೆ ಬರುತ್ತಿವೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯ 2026ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯುವುದಾಗಿ ಪ್ರಕಟಿಸಿತು. ಮೊದಲ ಕೋರ್ಸುಗಳಲ್ಲಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಮತ್ತು ಅಕೌಂಟಿಂಗ್ ಇವೆ. ನಮ್ಮ ಮುಂಜಾನೆ ರೈಲು ಮುಟ್ಟುವ ದೂರ. ಆದರೆ ದೂರ ಕಡಿಮೆಯಾದ ಮಾತ್ರಕ್ಕೆ ಫೀ ಕಡಿಮೆ ಎಂದು ತಿಳಿಯಬೇಡಿ. ವಿದ್ಯಾರ್ಥಿವೇತನ ಎಷ್ಟು ಜನಕ್ಕೆ ಎಂದು ಕೇಳಿಯೇ ಮುಂದಿನ ಮಾತು.

ನಮ್ಮ ಹತ್ತಿರ ಏನಿದೆ

ನಮ್ಮ ಮಕ್ಕಳು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಲೈನಿನಲ್ಲಿ ಬೆಳೆದ ಮಗು ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೆಳೆಯರೊಂದಿಗೆ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್ ಮಾತಾಡುತ್ತದೆ. ವ್ಯಾಪಾರ ಕಲಿಯುವವರಿಗೆ ಇದು ಸಣ್ಣ ಬಂಡವಾಳವಲ್ಲ.

ಇನ್ನೊಂದು ಬಂಡವಾಳ ಊರೇ. ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು, ನಮ್ಮದಕ್ಕಿಂತ ಮೂರು ವರ್ಷ ಮೊದಲು. 2006ರಲ್ಲಿ ಅಲ್ಲಿನ ಹಳೆಯ ಗಣಿ ಪ್ರದೇಶ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿನ ಕ್ಯಾಂಬೋರ್ನ್ ಗಣಿ ಶಾಲೆ ಈಗ ಎಕ್ಸೆಟರ್ ವಿಶ್ವವಿದ್ಯಾಲಯದ ಭಾಗ. ಗಣಿ ಮುಚ್ಚಿದ ಮೇಲೆ ಒಂದು ಊರು ಹೇಗೆ ಸಂಪಾದಿಸುತ್ತದೆ ಎಂಬುದನ್ನು ಅವರ ಮಕ್ಕಳೂ ನಮ್ಮ ಮಕ್ಕಳೂ ಒಟ್ಟಿಗೆ ಓದಿದರೆ ಹೇಗಿರುತ್ತದೆ? ಒಂದು ಸೆಮಿಸ್ಟರ್ ಆನ್‌ಲೈನ್ ಜೋಡಿ ತರಗತಿ, ಆಮೇಲೆ ಅವರು ಹತ್ತು ಜನ ನಂದಿದುರ್ಗಕ್ಕೆ, ನಾವು ಹತ್ತು ಜನ ಅಲ್ಲಿಗೆ. ಇದಕ್ಕೆ ಕೋಟಿ ಬೇಡ. ಒಬ್ಬ ಉತ್ಸಾಹಿ ಅಧ್ಯಾಪಕ, ಒಂದು ಈಮೇಲ್, ಸರಿಯಾದ ಇಂಟರ್‌ನೆಟ್ ಸಾಕು. ನಮ್ಮ ಭಾಗದ ಕಾಲೇಜುಗಳ ಮುಂದೆ ನಾವು ಇಡುತ್ತಿರುವ ಬೇಡಿಕೆ ಇದು.

ಆ ಹುಡುಗಿ ಈಗ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಸಂಜೆಯ ರೈಲಿನಲ್ಲಿ ಇಂಗ್ಲಿಷ್ ಪರೀಕ್ಷೆಗೆ ಓದುತ್ತಾಳೆ. ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿ ಇಟ್ಟಿದ್ದಾಳೆ. ಮೊದಲ 500ರ ಪಟ್ಟಿಯಿಂದ ಆರು ಹೆಸರು ಆರಿಸಿಕೊಂಡಿದ್ದಾಳೆ. ಸಿಗುತ್ತದೋ ಇಲ್ಲವೋ, 125 ಸ್ಥಾನಕ್ಕೆ ದೇಶವೆಲ್ಲ ಅರ್ಜಿ ಹಾಕುತ್ತದೆ. ಆದರೆ ಈ ಸಲ ಹಗ್ಗವನ್ನು ಅವಳೇ ಎಳೆದು ನೋಡಿದ್ದಾಳೆ.

ನಿಮ್ಮ ಮನೆಯಲ್ಲೂ ಆಫರ್ ಲೆಟರ್ ಬಂದಿದ್ದರೆ ಹೆದರಬೇಡಿ, ಅವಸರವನ್ನೂ ಮಾಡಬೇಡಿ. ಹತ್ತು ದಿನದಲ್ಲಿ ಹೋಗುವ ಸೀಟು ಮುಂದಿನ ವರ್ಷ ಮತ್ತೆ ಬರುತ್ತದೆ. ಹತ್ತು ದಿನದಲ್ಲಿ ಮಾಡಿದ ಸಾಲ ಹದಿನೈದು ವರ್ಷ ಜೊತೆಗಿರುತ್ತದೆ. ಕಾಗದ ತನ್ನಿ, ಕೂತು ಲೆಕ್ಕ ಬರೆಯೋಣ.